ಮಲಗಿದ ಎಂಟು

"ಅಮ್ಮಾ, ದೊಡ್ಡಪ್ಪ ಯಾಕೆ ಒಂದು ಕಣ್ಣು ಮುಚ್ಚಿಕೊಂಡು ನೋಡ್ತಾರೆ?"

ಚಿಟ್ಟೆ ಈ ಪ್ರಶ್ನೆ ಕೇಳಿದ್ದು ಬೆಳಗ್ಗೆ ಹಲ್ಲುಜ್ಜುವಾಗ, ಬಾಯಿತುಂಬ ನೊರೆ ಇಟ್ಟುಕೊಂಡು. ಐದು ವರ್ಷದ ಹುಡುಗಿ. ಒಂದು ಕಡೆ ಕೂತದ್ದನ್ನು ಯಾರೂ ಕಂಡವರಿಲ್ಲವಾದ್ದರಿಂದ ಮನೆಯವರ ಬಾಯಲ್ಲಿ ಚಿಟ್ಟೆ.

"ಮೈಕ್ರೋಸ್ಕೋಪಲ್ಲಿ ನೋಡುವಾಗ ತಾನೆ? ಅದಕ್ಕಿರೋದು ಒಂದೇ ಕೊಳವೆ. ಇನ್ನೊಂದು ಕಣ್ಣಿಗೆ ಕೆಲಸವಿಲ್ಲ, ಮುಚ್ಕೋತಾರೆ."

"ನೀನು ಮುಚ್ಚಲ್ವಲ್ಲ?"

"ನನಗೆ ನೋಡೋಕೆ ಬರುತ್ತೆ ಪುಟ್ಟಾ. ನೋಡೋಕೆ ಬರೋರು ಎರಡೂ ಕಣ್ಣು ತೆರೆದೇ ನೋಡ್ತಾರೆ."

ಎಂಥ ಮಾತು! ಆಡಿದ ಮೇಲೆ ಚಿಟ್ಟೆಯ ಅಮ್ಮನಿಗೆ ತನ್ನ ಮೇಲೆ ತನಗೇ ಗೌರವ ಬಂತು. ಬಾಗಿಲಾಚೆ ಟವೆಲಿಗಾಗಿ ಕಾಯುತ್ತಿದ್ದ ಗಂಡನಿಗೆ ಮಾತ್ರ ಎದೆ ಧಸಕ್ಕೆಂದಿತು.

"ಮೆತ್ತಗೆ ಕಣೇ! ಅಣ್ಣ ಮೆಟ್ಟಿಲು ಇಳೀತಿದ್ದಾನೆ."

"ಇಳೀಲಿ. ನಾನೇನು ಸುಳ್ಳು ಹೇಳಿದ್ನಾ?"

"ನಿಜ ಹೇಳಿದ್ದಕ್ಕೇ ಮೆತ್ತಗೆ ಅಂದಿದ್ದು."

ಈ ಮನೆಯಲ್ಲಿ ನಿಜಕ್ಕಿದ್ದ ಸ್ಥಾನಮಾನ ಅಷ್ಟೇ. ಮನೆಯ ಮುಂದಿನ ಕೋಣೆಯೇ ಭಾವನವರ ಆಸ್ಪತ್ರೆ. ಭಾವ ದನಕರುಗಳ ಡಾಕ್ಟರು. ಮದುವೆಯಾಗಲು ಪುರುಸೊತ್ತು ಸಿಗಲಿಲ್ಲವೆಂದು ಅವರೂ, ಒಪ್ಪುವವರು ಸಿಗಲಿಲ್ಲವೆಂದು ನೆಂಟರೂ ಹೇಳುತ್ತಿದ್ದರು. ಸೂಜಿ ಚುಚ್ಚುವುದರಲ್ಲಿ, ಕರು ಎಳೆಯುವುದರಲ್ಲಿ, ಒದೆಯುವ ಎಮ್ಮೆಯ ಹಿಂದೆ ಧೈರ್ಯವಾಗಿ ನಿಲ್ಲುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಆದರೆ ಗಾಜಿನ ಸ್ಲೈಡಿನ ಮೇಲೆ ಒಂದು ತೊಟ್ಟು ರಕ್ತ ಹರಡಿ, ಅದರಲ್ಲಿ ರೋಗದ ಜೀವಿ ಇದೆಯೋ ಇಲ್ಲವೋ ಹೇಳಬೇಕಾದಾಗ ಅವರ ದನಿ ತಾನಾಗಿ ಅಡುಗೆಮನೆಯಲ್ಲಿದ್ದ ತಮ್ಮನ ಹೆಂಡತಿಯ ಕಡೆಗೆ ತಿರುಗುತ್ತಿತ್ತು.

"ಅಮ್ಮಾ, ಒಂದು ನಿಮಿಷ ಬಂದುಹೋಗು. ನೀನು ಹೇಗೂ ಮನೆಯಲ್ಲೇ ಇರ್ತೀಯಲ್ಲ."

ಚಿಟ್ಟೆ ಹುಟ್ಟುವ ಮುಂಚೆ ಅವಳ ಅಮ್ಮ ದೊಡ್ಡದೊಂದು ಪ್ರಯೋಗಾಲಯದಲ್ಲಿ ದಿನವಿಡೀ ಸ್ಲೈಡು ಓದುವ ಕೆಲಸದಲ್ಲಿದ್ದಳು. ಅಲ್ಲಿ ಅವಳಿಗೆ ತಿರುಗುವ ಕುರ್ಚಿಯಿತ್ತು, ಬಿಳಿ ಕೋಟಿತ್ತು, ಕೋಟಿನ ಜೇಬಿನ ಮೇಲೆ ಹೆಸರಿತ್ತು. ಇಲ್ಲಿ ನಿಂತೇ ನೋಡಬೇಕು. ಕೋಣೆಯಲ್ಲಿದ್ದದ್ದು ಎರಡೇ ಕುರ್ಚಿ. ಒಂದು ಡಾಕ್ಟರದು, ಇನ್ನೊಂದು ಹಸುವಿನ ಯಜಮಾನರದು. ಒಲೆಯ ಮೇಲೆ ಏನಾದರೂ ಸದಾ ಕುದಿಯುತ್ತಿದ್ದುದರಿಂದ ಕೂರಲು ಅವಳಿಗೂ ಪುರುಸೊತ್ತಿರಲಿಲ್ಲವೆನ್ನಿ. ಒಂದು ಕಿವಿ ಕುಕ್ಕರಿನ ಕಡೆ, ಎರಡು ಕಣ್ಣು ಮೈಕ್ರೋಸ್ಕೋಪಿನ ಕಡೆ. ಹೀಗೇ ಅವಳು ಎಷ್ಟೋ ದನಗಳ ಜೀವ ಉಳಿಸಿದ್ದಳು, ಎಷ್ಟೋ ಸಾರು ಸೀಯಿಸಿದ್ದಳು. ಜನಕ್ಕೆ ನೆನಪಿದ್ದದ್ದು ಸಾರು.

ಹೀಗಿರುವಾಗ ಒಂದು ಶುಭವಾರ್ತೆ ಬಂತು. ಹಾಲಿನ ಸಂಘದವರು ತಮ್ಮ ಸದಸ್ಯರ ದನಗಳ ರಕ್ತಪರೀಕ್ಷೆಯನ್ನೆಲ್ಲ ಒಂದೇ ಕಡೆ ಮಾಡಿಸಬೇಕೆಂದಿದ್ದಾರೆ. ಸಂಘದ ಕಾರ್ಯದರ್ಶಿ ಖುದ್ದಾಗಿ ಬಂದು ಪ್ರಯೋಗಾಲಯ ನೋಡಿಹೋಗುತ್ತಾರೆ. ಒಪ್ಪಿಗೆಯಾದರೆ ಸ್ಲೈಡು ಓದಲು ಒಬ್ಬರನ್ನು ಕಾಯಂ ಆಗಿ ನೇಮಿಸಬೇಕು, ಅವರ ಹೆಸರನ್ನು ಸಂಘಕ್ಕೆ ಕೊಡಬೇಕು.

"ಇನ್ಯಾರಮ್ಮ? ನೀನೇ!" ಎಂದರು ಭಾವ, ಊಟದ ತಟ್ಟೆಯ ಮುಂದೆ, ಎರಡನೇ ಸಲ ಬಡಿಸಿಕೊಳ್ಳುತ್ತ. "ನಿನಗೇ ಒಂದು ಮೇಜು. ನಿನ್ನದೇ ಒಂದು ಕುರ್ಚಿ. ಬಾಗಿಲ ಮೇಲಿನ ಬೋರ್ಡಲ್ಲಿ ನನ್ನ ಹೆಸರಿನ ಕೆಳಗೆ ನಿನ್ನ ಹೆಸರು!"

ಕುರ್ಚಿ! ರಾಜ್ಯಗಳು ಹುಟ್ಟಿ ಮುಳುಗಿದ್ದು ಈ ಒಂದು ವಸ್ತುವಿಗಾಗಿಯೇ ಅಲ್ಲವೆ? ಅವಳು ಆ ದಿನ ಸಾರಿಗೆ ಉಪ್ಪು ಹಾಕಿದಳೋ ಇಲ್ಲವೋ ಅವಳಿಗೇ ತಿಳಿಯಲಿಲ್ಲ. ಪೆಟ್ಟಿಗೆಯ ಅಡಿಯಲ್ಲಿದ್ದ ಬಿಳಿ ಕೋಟನ್ನು ತೆಗೆದು ಒಗೆದಳು. ಗುಂಡಿಗಳಿನ್ನೂ ಗಟ್ಟಿಯಾಗಿದ್ದವು. ನಡು ಮಾತ್ರ ಸ್ವಲ್ಪ ಬಿಗಿಯಾಗಿತ್ತು. ಬಟ್ಟೆ ಕುಗ್ಗಿದೆಯೆಂದು ತೀರ್ಮಾನಿಸಿದಳು.

ಒಂದೇ ಒಂದು ತೊಡಕು. ಮೈಕ್ರೋಸ್ಕೋಪಿನ ಕೆಳಗೆ, ತಿರುಗುವ ಬಿಲ್ಲೆಯಲ್ಲಿ ನಾಲ್ಕು ಆಬ್ಜೆಕ್ಟಿವ್ ಲೆನ್ಸುಗಳಿದ್ದವು: ನಾಲ್ಕು ಪಟ್ಟು, ಹತ್ತು ಪಟ್ಟು, ನಲವತ್ತು ಪಟ್ಟು, ನೂರು ಪಟ್ಟು. ರಕ್ತಕಣದೊಳಗೆ ಅವಿತು ಕೂತ ಜೀವಿಯನ್ನು ಹಿಡಿಯಲು ನೂರರದ್ದೇ ಬೇಕು. ಆ ನೂರರದ್ದಕ್ಕೆ ವಯಸ್ಸಾಗಿ ಪೊರೆ ಬಂದಂತೆ ಮಬ್ಬಾಗಿತ್ತು. ಹೊಸದನ್ನು ತರಿಸಲೇಬೇಕು.

"ಈ ಸಲ ಲೆನ್ಸ್ ಆರಿಸೋಳು ನಾನೇ!" ಎಂದು ಚಿಟ್ಟೆಯ ಅಮ್ಮ ಗಂಡನ ಮುಂದೆ ಘೋಷಿಸಿದಳು. "ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಆರಿಸ್ತೀನಿ. ಈ ಮನೆಯಲ್ಲಿ ಒಂದು ವಸ್ತುವನ್ನಾದ್ರೂ ಗೊತ್ತಿರೋರು ಆರಿಸಿದರು ಅಂತಾಗ್ಲಿ!"

ಗಂಡ ಇಸ್ತ್ರಿ ಮಾಡುತ್ತಿದ್ದ. ಜಗತ್ತಿನ ಎಲ್ಲ ಸಮಸ್ಯೆಗೂ ಅವನದು ಒಂದೇ ಪರಿಹಾರ, ಮೇಲಿಂದ ಬಿಸಿಯಾಗಿ ಒತ್ತಿ ಸುಕ್ಕು ತೆಗೆದುಬಿಡುವುದು.

"ಅದರಲ್ಲೇನಿದೆ ಆರಿಸೋಕೆ? ಲೆನ್ಸ್ ಅಂದ್ರೆ ಲೆನ್ಸು. ದೊಡ್ಡದಾಗಿ ತೋರಿಸಿದ್ರೆ ಆಯ್ತು."

"ಬರೀ ದೊಡ್ಡದಾಗಿ ತೋರಿಸೋದಕ್ಕೆ ಲೆನ್ಸ್ ಯಾಕ್ರೀ ಬೇಕು? ನಿಮ್ಮ ಅಣ್ಣ ಸಾಲದೆ?"

"ನೋಡು, ಶುರು ಮಾಡಿದೆ."

"ಕೇಳಿ ಇಲ್ಲಿ. ಮಸುಕಾದ ಫೋಟೋನ ಗೋಡೆಯಷ್ಟು ದೊಡ್ಡದು ಮಾಡಿದರೆ ಮುಖ ಕಾಣುತ್ತಾ? ಗೋಡೆಯಷ್ಟು ಮಸುಕು ಕಾಣುತ್ತೆ. ಲೆನ್ಸಿನ ಮೈಮೇಲೆ ನೂರು ಅಂತ ಬರೆದಿದ್ರೆ ಸಾಲದು. ಪಕ್ಕದಲ್ಲಿ ಒಂದೂಕಾಲು ಅಂತ ಇನ್ನೊಂದು ಅಂಕಿ ಇರಬೇಕು. ಅದು ಬೆಳಕನ್ನು ಬಾಚಿಕೊಳ್ಳೋ ಶಕ್ತಿ. ಅದು ಹೆಚ್ಚಿದ್ದಷ್ಟೂ ಸಣ್ಣ ಸಣ್ಣ ಗೆರೆ ಬಿಡಿಬಿಡಿಯಾಗಿ ಕಾಣುತ್ತೆ. ಅದಕ್ಕೇ ನೂರರ ಲೆನ್ಸಿಗೂ ಗಾಜಿಗೂ ನಡುವೆ ಒಂದು ತೊಟ್ಟು ಎಣ್ಣೆ ಹಾಕೋದು, ಬೆಳಕು ದಾರಿಯಲ್ಲಿ ಚದುರದ ಹಾಗೆ."

"ಎಣ್ಣೆ ಹಾಕಿದ್ರೆ ಕೆಲಸ ಆಗುತ್ತೆ ಅನ್ನು. ಅದು ಎಲ್ಲ ಕಡೆಯೂ ಅಷ್ಟೇ."

"ನಲವತ್ತರದಕ್ಕೆ ಎಣ್ಣೆ ತಾಗಿದರೆ ಕೆಟ್ಟಿತು ಅಂತಲೇ ಲೆಕ್ಕ. ಕೆಲವರಿಗೆ ಎಣ್ಣೆ ಆಗಿಬರಲ್ಲ. ಇನ್ನು ದೂರ. ನಾಲ್ಕರ ಲೆನ್ಸು ಸ್ಲೈಡಿನಿಂದ ಎರಡು ಬೆರಳು ದೂರ ನಿಂತು ನೋಡುತ್ತೆ. ನೂರರದ್ದು ನಡುವೆ ಒಂದು ಕಾಗದ ತೂರಿಸಿದರೆ ಸಿಕ್ಕಿಹಾಕಿಕೊಳ್ಳೋ ಅಷ್ಟು ಹತ್ತಿರ."

ಗಂಡ ಕಾಲರು ತಿರುವಿ ಹಾಕಿದ. "ಹಾಗಾದ್ರೆ ನಾನು ಯಾವ ಲೆನ್ಸು?"

"ನಾಲ್ಕರದು. ಇಡೀ ಊರು ಕಾಣುತ್ತೆ, ಕಾಲ ಬುಡದಲ್ಲಿ ಇರೋದು ಕಾಣಲ್ಲ."

"ನೀನು?"

"ನೂರರದು!"

"ಒಪ್ಪಿದೆ," ಎಂದ ಗಂಡ. "ತೀರಾ ಹತ್ತಿರ ಬಂದು ತಲೆ ತಿಂತೀಯಾ."

ಮಾರನೆಯ ದಿನ ಅವಳು ಇದೇ ಪಾಠವನ್ನು ಭಾವನವರಿಗೆ ಒಪ್ಪಿಸಿದಳು. ಲೆನ್ಸಿನ ಅಂಗಡಿಗೆ ಫೋನು ಮಾಡುವವರು ಅವರು, ಯಾಕೆಂದರೆ ಅಂಗಡಿಯವನು ಡಾಕ್ಟರ ಮಾತನ್ನು ಮಾತ್ರ ಕೇಳುತ್ತಾನೆಂದು ಡಾಕ್ಟರೇ ಹೇಳಿದ್ದರು. ಅವಳು ಹಳೆಯ ಲೆನ್ಸನ್ನು ಬಿಚ್ಚಿ ಅವರ ಅಂಗೈಯಲ್ಲಿಟ್ಟಳು.

"ಇಲ್ಲಿ ನೂರಾ ಅರವತ್ತು ಅಂತಿದೆ ನೋಡಿ ಭಾವ. ಅದು ನಮ್ಮ ಮೈಕ್ರೋಸ್ಕೋಪಿನ ಕೊಳವೆಯ ಉದ್ದ. ನಮ್ಮದು ಹಳೇ ಯಂತ್ರ, ಅದಕ್ಕೆ ಈ ಅಂಕಿ ಇರೋ ಲೆನ್ಸೇ ಬೇಕು. ಹೊಸ ಯಂತ್ರಗಳ ಲೆನ್ಸಿನ ಮೇಲೆ ಇದರ ಬದಲು ಎಂಟು ಅಡ್ಡ ಮಲಗಿರೋ ಥರ ಒಂದು ಗುರುತಿರುತ್ತೆ."

"ಅನಂತದ ಗುರುತು," ಎಂದರು ಭಾವ. ಗೊತ್ತಿರುವ ಒಂದು ಪದ ಸಿಕ್ಕಿದ ಸಂತೋಷ ಅವರಿಗೆ.

"ಹೌದು. ತಿರುಪು ಎರಡಕ್ಕೂ ಒಂದೇ, ನಮ್ಮದಕ್ಕೂ ಸಲೀಸಾಗಿ ಕೂತುಬಿಡುತ್ತೆ. ಆದರೆ ಹೊಂದಲ್ಲ. ನಮ್ಮ ಲೆನ್ಸಿಗಿಂತ ಉದ್ದ ಬೇರೆ. ಬಿಟ್ಟಿ ಕೊಟ್ಟರೂ ಬೇಡ ಅನ್ನಿ."

ಭಾವ ಒಂದು ಕಣ್ಣು ಮುಚ್ಚಿ ಲೆನ್ಸನ್ನು ಬೆಳಕಿಗೆ ಹಿಡಿದು ನೋಡಿದರು. ಹೂಂ ಎಂದರು. ಹಸುವಿನ ಯಜಮಾನರು ರೋಗ ಯಾವಾಗ ಶುರುವಾಯಿತೆಂದು ಹೇಳುತ್ತಿರುವಾಗಲೂ ಅವರು ಇದೇ ಹೂಂ ಅನ್ನುತ್ತಿದ್ದರು. ಅದು ಕೇಳಿಸಿಕೊಂಡ ಹೂಂ ಅಲ್ಲ, ಮುಗಿಸು ಎಂಬ ಹೂಂ. ಅಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದವಳಿಗೆ ಇದು ಹೊಳೆಯಬೇಕಿತ್ತು. ಆದರೆ ಅವಳು ಆಗಲೇ ಮನಸ್ಸಿನಲ್ಲಿ ಹೊಸ ಕುರ್ಚಿಯಲ್ಲಿ ಕೂತಾಗಿತ್ತು.

ಆ ಉತ್ಸಾಹದಲ್ಲೇ ಅವಳು ಇನ್ನೊಂದು ಪಾಠವನ್ನೂ ಮಾಡಿಬಿಟ್ಟಳು. ಯಾರೂ ಕೇಳಿರಲಿಲ್ಲ. ಭಾವ ಮೈಕ್ರೋಸ್ಕೋಪನ್ನು ಮುಟ್ಟುತ್ತಿದ್ದದ್ದೇ ಅಪರೂಪ. ಮುಟ್ಟಿದರೂ ಲೆನ್ಸು ಬದಲಿಸುವಾಗೆಲ್ಲ ಕತ್ತು ಬಗ್ಗಿಸಿ, ಪಕ್ಕದಿಂದ ಇಣುಕಿ, ಲೆನ್ಸು ಗಾಜಿಗೆ ತಾಗುತ್ತದೋ ಏನೋ ಎಂದು ಹೆದರಿ ಹೆದರಿ ತಿರುಗಿಸುತ್ತಿದ್ದರು. ಅವಳಿಗೆ ಕಲಿಸಿದವರೂ ಹಾಗೆಯೇ ಮಾಡಬೇಕೆಂದು ಹೇಳಿದ್ದರು. ಆದರೆ ಕೈ ಪಳಗಿದವರಿಗೆ ಅಂಥದ್ದೆಲ್ಲ ಬೇಕೆ?

"ಅಷ್ಟೆಲ್ಲ ಯಾಕೆ ಭಾವ? ಈ ನಾಲ್ಕೂ ಒಂದೇ ತಾಯಿ ಮಕ್ಕಳು. ಒಂದೇ ಅಳತೆ. ಒಂದಕ್ಕೆ ಸ್ಪಷ್ಟ ಕಂಡರೆ ನಾಲ್ಕಕ್ಕೂ ಕಾಣುತ್ತೆ, ಯಾವುದೂ ತಾಗಲ್ಲ. ನಲವತ್ತರಲ್ಲಿ ನೋಡ್ಕೊಳ್ಳಿ, ಬಿಲ್ಲೆ ಸ್ವಲ್ಪ ಸರಿಸಿ ಒಂದು ತೊಟ್ಟು ಎಣ್ಣೆ ಬಿಡಿ, ನೂರಕ್ಕೆ ತಿರುಗಿಸಿ. ಕಣ್ಣು ಮುಚ್ಚಿಕೊಂಡು ತಿರುಗಿಸಬಹುದು!"

ಹೇಳಿದವಳು ಸುಮ್ಮನಿರದೆ, ಮುಖ ಕಿಟಕಿಯ ಕಡೆ ಮಾಡಿ ಟಕ್ಕೆಂದು ತಿರುಗಿಸಿಯೂ ತೋರಿಸಿದಳು. ಭಾವ ಬಾಯಿ ಬಿಟ್ಟು ನೋಡಿದರು. ಈ ಪಾಠಕ್ಕೆ ಅವರು ಹೂಂ ಅನ್ನಲಿಲ್ಲ. ಇದು ಅವರ ತಲೆಯೊಳಗೆ ಹೋಗಿ ಗಟ್ಟಿಯಾಗಿ ಕೂತಿತು.

ಕಾರ್ಯದರ್ಶಿ ಬರುವ ದಿನ ಹತ್ತಿರ ಬಂದರೂ ಲೆನ್ಸಿನ ಸುಳಿವಿಲ್ಲ. ಅವಳು ಗಂಡನನ್ನು ಕೇಳಿದಳು.

"ಪಾರ್ಸೆಲ್ ಏನಾದ್ರೂ ಬಂತಾ?"

"ಪಾರ್ಸೆಲ್ಲಾ?" ಗಂಡ ಚಪ್ಪಲಿ ಹುಡುಕತೊಡಗಿದ. ಚಪ್ಪಲಿ ಅವನ ಕಾಲಲ್ಲೇ ಇತ್ತು. "ಬರುತ್ತೆ ಬಿಡು."

ಬರದಿದ್ದರೆ ನಲವತ್ತರದ್ದರಲ್ಲೇ ರಕ್ತಕಣಗಳನ್ನು ತೋರಿಸಿ, ಹೊಸ ಲೆನ್ಸು ದಾರಿಯಲ್ಲಿದೆಯೆಂದು ಹೇಳಿದರಾಯಿತೆಂದು ಅವಳು ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡಳು. ಲೆನ್ಸು ಬರದಿದ್ದರೂ ಕುರ್ಚಿ ಬಂದಿತ್ತು. ಹೊಸ ಕುರ್ಚಿ, ತಿರುಗುವ ಕುರ್ಚಿ, ಮೈಮೇಲಿನ ಪ್ಲಾಸ್ಟಿಕ್ ಹಾಳೆ ಇನ್ನೂ ಬಿಚ್ಚದ ಕುರ್ಚಿ. ಅವಳು ಅದರಲ್ಲಿ ಕೂರಲಿಲ್ಲ. ಬೆನ್ನಿನ ಮೇಲೆ ಕೈ ಸವರಿ, ಒಂದು ಸುತ್ತು ತಿರುಗಿಸಿ, ಅಡುಗೆಮನೆಗೆ ಹೋದಳು. ಚಿಟ್ಟೆ ಮಾತ್ರ ಅದರಲ್ಲಿ ಕೂತು ತಲೆ ತಿರುಗುವ ತನಕ ತಿರುಗಿದಳು.

ಆ ದಿನ ಬಂತು. ಭಾವ ಗಡ್ಡ ಹೆರೆದು, ಎಂದೂ ಹಾಕದ ಶೂ ಹಾಕಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದರು.

"ಅವರು ಬಂದ ತಕ್ಷಣ ನಾನು ಒಂದೆರಡು ಮಾತಾಡಿ ಪೀಠಿಕೆ ಹಾಕ್ತೀನಮ್ಮ. ನೀನು ಕಾಫಿ ರೆಡಿ ಮಾಡಿಟ್ಟುಕೊಂಡಿರು. ಕರೀತೀನಿ, ಆಗ ಬಾ."

"ಸ್ಲೈಡು ನಾನೇ ತೋರಿಸ್ತೀನಿ ಅಲ್ವಾ ಭಾವ?"

"ಇನ್ಯಾರಮ್ಮ!"

ಅವಳು ಬಿಳಿ ಕೋಟನ್ನು ಅಡುಗೆಮನೆಯ ಬಾಗಿಲ ಹಿಂದೆ ಮೊಳೆಗೆ ತೂಗುಹಾಕಿದಳು. ಹಾಲು ಒಲೆಯ ಮೇಲಿಟ್ಟಳು. ಆಗ ಚಿಟ್ಟೆ ಹಾರಿಬಂತು.

"ಅಮ್ಮಾ ಅಮ್ಮಾ! ದೊಡ್ಡಪ್ಪ ಹೊಸದು ಏನೋ ತಂದು ಹಾಕಿದ್ರು. ಅದರ ಮೇಲೆ ಎಂಟು ಮಲಗಿದೆ!"

"ಮಲಗಲಿ ಬಿಡು ಪುಟ್ಟಾ, ಪಾಪ. ದೂರ ನಿಲ್ಲು, ಹಾಲು ಉಕ್ಕುತ್ತೆ."

"ಯಾಕೆ ಮಲಗಿದೆ? ಜ್ವರಾನಾ?"

"ಹೂಂ."

ಅದು ಮುಗಿಸು ಎಂಬ ಹೂಂ. ಅಣುವಿನಷ್ಟು ಸಣ್ಣದನ್ನೂ ಬಿಡದೆ ಕಾಣುವ, ಎರಡೂ ಕಣ್ಣು ತೆರೆದು ನೋಡುವ ಮಹಾತಾಯಿ ಆ ಕ್ಷಣ ನೋಡುತ್ತಿದ್ದದ್ದು ಹಾಲಿನ ಪಾತ್ರೆಯ ಅಂಚನ್ನು. ಮುಂದೆ ಎಷ್ಟೋ ರಾತ್ರಿ ಅವಳ ನಿದ್ದೆ ಕೆಡಿಸಿದ್ದು ಲೆನ್ಸಲ್ಲ, ಈ ಹೂಂ.

ಹೊರಗೆ ಕಾರಿನ ಬಾಗಿಲು ಹಾಕಿದ ಸದ್ದಾಯಿತು. ಕಾರ್ಯದರ್ಶಿ ಹೆಂಗಸು! ಪರದೆಯ ಸಂದಿಯಿಂದ ಇಣುಕಿದ ಚಿಟ್ಟೆಯ ಅಮ್ಮನಿಗೆ ಹಾಲು ಕುಡಿದಷ್ಟು ಸಮಾಧಾನವಾಯಿತು. ನೆಟ್ಟಗೆ ನಡೆಯುವ, ಕನ್ನಡಕದ, ಒಂದೇ ನೋಟಕ್ಕೆ ಕೋಣೆಯ ಧೂಳನ್ನೆಲ್ಲ ಅಳೆದುಬಿಡುವ ಹೆಂಗಸು. ಇಂಥವರಿಗೆ ಕೆಲಸ ಗೊತ್ತಿರುವವರ ಬೆಲೆ ಗೊತ್ತಿರುತ್ತದೆ.

"ಬನ್ನಿ ಮೇಡಂ, ಕೂತ್ಕೊಳ್ಳಿ," ಎಂದರು ಭಾವ. ಹೊಸ ಕುರ್ಚಿಯ ಪ್ಲಾಸ್ಟಿಕ್ ಹಾಳೆ ಪರಪರನೆ ಹರಿದ ಸದ್ದು ಅಡುಗೆಮನೆಗೆ ಕೇಳಿಸಿತು. ಹೋಗಲಿ, ಅತಿಥಿಗಳು. ಎದ್ದುಹೋಗುವವರೇ ತಾನೆ.

"ಸ್ಲೈಡ್ ಓದೋದು ಯಾರು?" ಕಾರ್ಯದರ್ಶಿಯ ದನಿ.

ಅವಳು ಕೋಟಿನ ಒಂದು ತೋಳಿಗೆ ಕೈ ತೂರಿಸಿದಳು.

"ನಾನೇ ಮೇಡಂ," ಎಂದರು ಭಾವ. "ಮನೆಯ ಹುಡುಗಿ ಒಬ್ಬಳಿದ್ದಾಳೆ, ಸ್ವಲ್ಪ ಕೈ ಸೇರಿಸ್ತಾಳೆ. ಒರೆಸೋದು, ಜೋಡಿಸೋದು..."

ಇನ್ನೊಂದು ತೋಳು ಗಾಳಿಯಲ್ಲೇ ನೇತಾಡಿತು. ಪೀಠಿಕೆ, ಇದು ಬರೀ ಪೀಠಿಕೆ ಎಂದು ಅವಳು ತನಗೆ ತಾನೇ ಹೇಳಿಕೊಂಡಳು.

"ರಕ್ತದ ಸ್ಲೈಡ್ ಒಂದು ತೋರಿಸ್ತೀರಾ?"

"ಅಯ್ಯೋ, ಅದಕ್ಕೇನು! ಇವತ್ತೇ ಹೊಸ ಲೆನ್ಸ್ ಹಾಕಿದ್ದು ಮೇಡಂ. ಸಾಮಾನ್ಯದ್ದಲ್ಲ, ಅನಂತದ ಲೆನ್ಸು. ಇದಕ್ಕಿಂತ ಮೇಲೆ ಇನ್ನೊಂದಿಲ್ಲ!"

ಅನಂತ! ಅಡುಗೆಮನೆಯಲ್ಲಿ ಹಾಲು ಉಕ್ಕಿತು. ಮಲಗಿದ್ದ ಎಂಟು ಅವಳ ತಲೆಯೊಳಗೆ ದಡಕ್ಕನೆ ಎದ್ದು ನಿಂತಿತು. ಅವಳು ಒಂದು ತೋಳಿನ ಕೋಟಿನಲ್ಲೇ, ಒಲೆ ಆರಿಸಿ, ಚೆಲ್ಲಿದ ಹಾಲಿನಲ್ಲಿ ಜಾರಿ, ಬಾಗಿಲ ಚೌಕಟ್ಟು ಹಿಡಿದುಕೊಂಡು ಸಾವರಿಸಿಕೊಳ್ಳುವಷ್ಟರಲ್ಲಿ ಭಾವನವರ ದನಿ ಕೋಣೆ ತುಂಬಿತು.

"ನಲವತ್ತರಲ್ಲಿ ನೋಡ್ಕೊಂಡೆ. ಎಣ್ಣೆ ಬಿಟ್ಟೆ. ಈಗ ನೂರಕ್ಕೆ. ನೋಡಿ ಮೇಡಂ, ಕಣ್ಣು ಮುಚ್ಚಿಕೊಂಡು ತಿರುಗಿಸಬಹುದು!"

ಅಕ್ಷರ ಅಕ್ಷರವೂ ಅವಳದೇ ಮಾತು. ಮಾತಿನ ನಂತರ ಮುಖವನ್ನು ಕಿಟಕಿಯ ಕಡೆ ಮಾಡಿದ್ದೂ ಅವಳದೇ ಪಾಠ.

"ಭಾವಾ, ಬೇಡ!"

ಮೊದಲು ತಡೆಯಿತು. ಹೊಸ ಲೆನ್ಸು ಹಳೆಯವುಗಳಿಗಿಂತ ಉಗುರಿನಷ್ಟು ಉದ್ದ. ಸ್ಲೈಡಿನ ಅಂಚಿಗೆ ಬಂದು ನಿಂತಿತು. ಎಮ್ಮೆಯ ಹೊಟ್ಟೆಯಿಂದ ಕರುವನ್ನು ಎಳೆದು ತೆಗೆದ ಕೈ ಅದು. ತಡೆದಾಗ ನಿಲ್ಲುವುದು ಆ ಕೈಗೆ ಗೊತ್ತಿರಲಿಲ್ಲ. ಇನ್ನಷ್ಟು ಬಲ ಹಾಕಿತು.

ಕಟಕ್!

ಬಲು ಸಣ್ಣ ಸದ್ದು. ಅಡಿಕೆ ಕಡಿದಷ್ಟು. ಆಮೇಲೆ ಸ್ಲೈಡಿನ ಚೂರು ನೆಲಕ್ಕೆ ಬಿದ್ದ ಇನ್ನೂ ಸಣ್ಣ ಸದ್ದು.

ಒಂದು ನಿಮಿಷದೊಳಗೆ ಭಾವ ಅಡುಗೆಮನೆಯಲ್ಲಿದ್ದರು. ಕಿವಿಯ ಹಿಂದಿನಿಂದ ಬೆವರು ಇಳಿಯುತ್ತಿತ್ತು. ಅಂಗೈ ಬಿಡಿಸಿದರು. ಹೊಸ ಲೆನ್ಸಿನ ತುದಿಯ ಗಾಜಿನಲ್ಲಿ ಅಡ್ಡಡ್ಡ ಬಿರುಕು. ಪಕ್ಕದಲ್ಲಿ ಎಂಟು ಸುಖವಾಗಿ ಮಲಗಿತ್ತು.

"ನೂರಾ ಅರವತ್ತು ಅಂತ ಹೇಳಿದ್ನಲ್ಲ ಭಾವ," ಎಂದಳು ಅವಳು. ದನಿ ತನ್ನದೇ ಎಂದು ಅವಳಿಗೆ ಅನ್ನಿಸಲಿಲ್ಲ.

"ಹೇಳಿದ್ದೆ ಕಣಮ್ಮ. ಆದರೆ ಅಂಗಡಿಯವನು ನೂರಾ ಅರವತ್ತು ಬೇಕಾ ಅನಂತ ಬೇಕಾ ಅಂತ ಕೇಳಿದ. ಹಾಗೆ ಕೇಳಿದ್ರೆ ಯಾವ ಮುಠ್ಠಾಳ ನೂರಾ ಅರವತ್ತು ಅಂತಾನೆ?"

"ಯಾವಾಗ ಬಂತು ಇದು?"

"ಮೊನ್ನೆ. ನಿನ್ನ ಗಂಡನೇ ತೆಗೆದಿಟ್ಟಿದ್ದ. ನಿನಗೆ ಹೇಳಬೇಡ, ಸರ್‌ಪ್ರೈಸ್ ಕೊಡೋಣ ಅಂದಿದ್ದೆ."

ಸರ್‌ಪ್ರೈಸಿಗೆ ಕೊರತೆಯೇನೂ ಆಗಿರಲಿಲ್ಲ.

"ಭಾವ, ಈಗಲೇ ಹೋಗಿ ನಾನು ಮಾತಾಡ್ತೀನಿ. ಏನಾಯ್ತು ಅಂತ ಹೇಳ್ತೀನಿ. ಹಳೇ ನಲವತ್ತರದ್ದರಲ್ಲೇ ಇನ್ನೊಂದು ಸ್ಲೈಡ್ ತೋರಿಸ್ತೀನಿ. ಅವರಿಗೆ ಅರ್ಥ ಆಗುತ್ತೆ." ಅವಳು ನೇತಾಡುತ್ತಿದ್ದ ತೋಳನ್ನು ಹುಡುಕಿದಳು.

"ಹೇಳಿ ಆಯ್ತಮ್ಮ." ಭಾವ ನೆಲ ನೋಡಿದರು. "ಏನಾಯ್ತು ಅಂತ ಕೇಳಿದ್ರು. ಬಾಯಿಗೆ ಬಂದದ್ದು ಹೇಳಿಬಿಟ್ಟೆ. ಲೆನ್ಸ್ ಆರಿಸಿದ್ದು ನಮ್ಮ ಮನೆ ಹುಡುಗಿ ಅಂತ. ನೋಡದೆ ತಿರುಗಿಸಬಹುದು ಅಂತ ಹೇಳಿಕೊಟ್ಟಿದ್ದೂ ಅವಳೇ ಅಂತ."

"ಭಾವ!"

"ಹೇಳಿಕೊಟ್ಟಿದ್ದು ನೀನೇ ತಾನೆ? ಕಣ್ಣು ಮುಚ್ಚಿಕೊಂಡು ತಿರುಗಿಸಬಹುದು ಅಂದವರು ಯಾರು? ನಾನು ಪಕ್ಕದಿಂದ ನೋಡಿಕೊಂಡೇ ತಿರುಗಿಸ್ತಿರಲಿಲ್ವಾ?"

ಒಂದು ಸುಳ್ಳನ್ನು ಒಂದು ನಿಜದ ಬೆನ್ನಿಗೆ ಕಟ್ಟಿ ತಂದಿದ್ದರು ಭಾವ. ಎರಡನ್ನೂ ಬಿಡಿಸುವಷ್ಟರಲ್ಲಿ ಕಾಫಿ ಆರಿಹೋಗುತ್ತಿತ್ತು. ಅವಳು ಮೊಣಕೈತನಕ ಬಂದಿದ್ದ ಕೋಟನ್ನು ಬಿಚ್ಚಿ ಮೊಳೆಗೆ ಹಾಕಿದಳು. ಉಳಿದ ಹಾಲಿಗೆ ಕಾಫಿ ಬೆರೆಸಿದಳು. ತಟ್ಟೆ ಹಿಡಿದು ಹೊರಗೆ ಬಂದಳು.

ಕಾರ್ಯದರ್ಶಿ ಕಪ್ಪು ತೆಗೆದುಕೊಂಡು ಅವಳನ್ನು ದಯೆಯಿಂದ ನೋಡಿದರು. ಆ ದಯೆಯಷ್ಟು ಕಹಿ ಅವಳು ಮಾಡಿದ ಯಾವ ಕಾಫಿಯಲ್ಲೂ ಇರಲಿಲ್ಲ.

"ನೀವೇನಾ ಲೆನ್ಸ್ ಆರಿಸಿದ್ದು?"

ಇಡೀ ಮನೆಯಲ್ಲಿ ಒಂದು ವಸ್ತುವನ್ನಾದರೂ ಅವಳು ಆರಿಸಿದಳೆಂದು ಮೊದಲ ಸಲ, ಹೊರಗಿನವರ ಮುಂದೆ, ಡಾಕ್ಟರ ಬಾಯಿಂದಲೇ ಸಾರಲಾಗಿತ್ತು. ಹರಕೆ ಹೊತ್ತದ್ದು ಅವಳೇ. ಅವಳು ಭಾವನ ಕಡೆ ನೋಡಿದಳು. ಭಾವ ಶೂ ನೋಡುತ್ತಿದ್ದರು. ಇಸ್ತ್ರಿ ಅಂಗಿಯ ಗಂಡ ಬಾಗಿಲಲ್ಲಿ ನಿಂತು, ಕಣ್ಣಲ್ಲೇ 'ಬೇಡ ಕಣೇ' ಎಂದು ಸುಕ್ಕು ತೆಗೆಯುತ್ತಿದ್ದ. ನಿಜ ಹೇಳಿದರೆ ಡಾಕ್ಟರ ಮುಖಕ್ಕೆ ಮಸಿ. ಡಾಕ್ಟರ ಮುಖ ಹೋದರೆ ಸಂಘದ ಕೆಲಸವೂ ಹೋಯಿತು. ಕೆಲಸವಿಲ್ಲದ ಮೇಲೆ ಕುರ್ಚಿ ಯಾತಕ್ಕೆ?

ಅವಳು ಕಾಫಿಯ ತಟ್ಟೆಯನ್ನು ಭಾವನ ಮುಂದೆ ಹಿಡಿದಳು. ಮೇಜಿನ ಕೆಳಗಿನಿಂದ ಚಿಟ್ಟೆ ಅಂದಿತು.

"ಅಮ್ಮ ಅಲ್ಲ! ದೊಡ್ಡಪ್ಪನೇ ತಂದಿದ್ದು. ಅದರ ಮೇಲೆ ಎಂಟು ಮಲಗಿತ್ತು. ಅದಕ್ಕೆ ಜ್ವರ ಇತ್ತು. ಅಮ್ಮಂಗೆ ಹೇಳಿದೆ, ಅಮ್ಮ ಹೂಂ ಅಂದ್ಲು!"

ಕೋಣೆಯಲ್ಲಿ ಎಲ್ಲರೂ ನಕ್ಕರು. ಭಾವ ಎಲ್ಲರಿಗಿಂತ ಜೋರಾಗಿ.

"ಅಮ್ಮನ ಮೇಲೆ ಎಷ್ಟು ಪ್ರೀತಿ ನೋಡಿ!" ಎಂದು ಕಾರ್ಯದರ್ಶಿ ಚಿಟ್ಟೆಯ ಕೆನ್ನೆ ಸವರಿದರು. ಆಮೇಲೆ ಅಮ್ಮನ ಕಡೆ ತಿರುಗಿ, "ಬೇಜಾರು ಮಾಡ್ಕೋಬೇಡಿ. ಸಣ್ಣ ವಸ್ತುಗಳ ಜೊತೆ ಕೆಲಸ ಮಾಡುವಾಗ ಗಮನ ಇರಬೇಕು. ಮನೆ, ಮಗು ಅಂತ ಇದ್ದಾಗ ಕಷ್ಟ, ನನಗೂ ಗೊತ್ತು. ಎರಡೂ ಕಡೆ ಕಣ್ಣಿಡೋಕೆ ಆಗಲ್ಲ."

ಎದ್ದು ಹೊರಟರು. ಕಾರಿನ ತನಕ ಭಾವನೂ ಗಂಡನೂ ಹೋದರು. ಅವಳು ಕೋಣೆಯ ನೆಲದಿಂದ ಗಾಜಿನ ಚೂರುಗಳನ್ನು ಒದ್ದೆ ಬಟ್ಟೆಯಲ್ಲಿ ಒತ್ತಿ ತೆಗೆದಳು. ಚಿಟ್ಟೆಯ ಕಾಲಿಗೆ ಚುಚ್ಚೀತೆಂದು ಎರಡು ಸಲ ಒರೆಸಿದಳು. ತಿರುಗುವ ಬಿಲ್ಲೆಯ ಖಾಲಿ ತೂತಿಗೆ ಹಳೆಯ ಪೊರೆ ಬಂದ ಲೆನ್ಸನ್ನೇ ಕೂರಿಸಿದಳು. ಕತ್ತು ಬಗ್ಗಿಸಿ, ಪಕ್ಕದಿಂದ ನೋಡಿಕೊಂಡು, ಹೆದರಿ ಹೆದರಿ ತಿರುಗಿಸಿದಳು. ಎಲ್ಲೂ ತಾಗಲಿಲ್ಲ.

ಗಂಡ ಬಂದು ಗೋಡೆಗೆ ಒರಗಿದ.

"ಕೋಪಾನಾ?"

"ಇಲ್ಲ. ನೀವು ನಾಲ್ಕರ ಲೆನ್ಸು ಅಂತ ನಾನೇ ಹೇಳಿದ್ದೆನಲ್ಲ."

"ಅಣ್ಣ ಸರ್‌ಪ್ರೈಸ್ ಅಂದ..."

"ಹಾಲು ಉಕ್ಕಿದೆ, ಒರೆಸಿ ಹೋಗಿ."

ಅವನು ಒರೆಸಲು ಹೋದ. ಆ ಮನೆಯಲ್ಲಿ ಆ ದಿನ ಸಿಕ್ಕ ನ್ಯಾಯ ಅಷ್ಟು. ಅದನ್ನೂ ಅವನು ಅರ್ಧ ಒರೆಸಿದ.

ಭಾವ ಒಳಗೆ ಬಂದಾಗ ಮುಖ ಅರಳಿತ್ತು. ಅವಳು ಕಪ್ಪು ತೊಳೆಯುತ್ತಿದ್ದಳು.

"ಕೆಲಸ ನಮಗೇ ಆಯ್ತಮ್ಮ! ಮೇಡಂ ಒಪ್ಪಿದ್ರು. ಡಾಕ್ಟರ ಧೈರ್ಯ ಮೆಚ್ಚಿದೆ ಅಂದ್ರು, ಮನೆಯವರ ತಪ್ಪನ್ನ ಮುಚ್ಚಿಡದೆ ಹೇಳಿದ್ರಲ್ಲ ಅಂತ."

ಕಪ್ಪು ಅವಳ ಕೈಯಿಂದ ಜಾರಲಿಲ್ಲ. ಸಣ್ಣ ವಸ್ತುಗಳ ಜೊತೆ ಅವಳ ಕೈ ಯಾವತ್ತೂ ಗಟ್ಟಿ.

"ಮತ್ತೆ ಸ್ಲೈಡು?"

"ಅದೇ... ಸ್ಲೈಡ್ ಓದೋಕೆ ಮಾತ್ರ ಹೊರಗಿನಿಂದ ಯಾರನ್ನಾದ್ರೂ ಇಟ್ಕೊಳ್ಳಿ ಅಂದ್ರು. ಅವರ ಕಡೆಯವನೇ ಒಬ್ಬ ಹುಡುಗ ಇದ್ದಾನಂತೆ. ಈಗಷ್ಟೇ ಓದು ಮುಗಿಸಿದ್ದಾನೆ, ಮೈಕ್ರೋಸ್ಕೋಪ್ ಅಷ್ಟು ಅಭ್ಯಾಸ ಇಲ್ಲವಂತೆ, ಕಲೀತಾನೆ ಬಿಡಿ ಅಂದ್ರು. ಮುಂದಿನ ವಾರ ಬರ್ತಾನೆ. ಕುರ್ಚಿ ಹೇಗೂ ಇದೆ."

ಅವಳು ನಲ್ಲಿ ನಿಲ್ಲಿಸಿದಳು. ಸೆರಗಿಗೆ ಕೈ ಒರೆಸಿಕೊಂಡಳು. ಬಾಗಿಲ ಹಿಂದಿನ ಕೋಟು ಗಾಳಿಗೆ ಸ್ವಲ್ಪ ಅಲುಗಿತು. ಜೇಬಿನ ಮೇಲೆ ಹೆಸರಿನ ದಾರ ಅಲ್ಲಲ್ಲಿ ಬಿಟ್ಟುಕೊಂಡಿತ್ತು.

ಭಾವ ಹೋಗಲಿಲ್ಲ. ಏನೋ ಕೇಳುವುದಿತ್ತು. ಬೆಳಕಿಗೆ ಹಿಡಿದು ಸಣ್ಣದೇನನ್ನೋ ನೋಡುವವರಂತೆ, ಒಂದು ಕಣ್ಣು ಮುಚ್ಚಿಕೊಂಡು ಅವಳನ್ನೇ ನೋಡಿದರು. ನೀರು ಕುಡಿಯಲು ಬಂದಿದ್ದ ಚಿಟ್ಟೆ ಅಮ್ಮನ ಸೆರಗು ಜಗ್ಗಿತು. ನೋಡು, ನಾನು ಹೇಳಲಿಲ್ಲವೆ ಎಂಬಂತೆ.

"ಒಂದು ಉಪಕಾರ ಮಾಡಬೇಕಮ್ಮ," ಎಂದರು ಭಾವ. "ಆ ಹುಡುಗ ಬಂದಾಗ, ಲೆನ್ಸ್ ಆರಿಸೋದು ಹೇಗೆ ಅಂತ ಅವನಿಗೆ ಸ್ವಲ್ಪ ಹೇಳಿಕೊಟ್ಟುಬಿಡು. ನೀನು ಹೇಗೂ ಮನೆಯಲ್ಲೇ ಇರ್ತೀಯಲ್ಲ."